ಶ್ವಾಸಕೋಶದ ಗಡ್ಡೆ ತೆಗೆಯೋದನ್ನು ಕಲಿಸೋಕೆ ವಿಆರ್ ಯಂತ್ರ ಕೊಳ್ಳೋದಾ, ವೆಟ್ ಲ್ಯಾಬ್ ಕಟ್ಟೋದಾ?

ಪರೇಲ್ ರೆಸಿಡೆಂಟ್

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲಿ ಎಂ.ಸಿಎಚ್ ಓದುತ್ತಿದ್ದೇನೆ, ಎದೆಯ ಸರ್ಜರಿ. ಊರು ಧಾರವಾಡದ ಕಡೆ. ಈ ವೇದಿಕೆಯಲ್ಲಿ ಮುಂಬೈ, ಪುಣೆ, ಗೋವಾದ ಡಾಕ್ಟರುಗಳು, ನರ್ಸ್‌ಗಳು, ಎಂಜಿನಿಯರುಗಳು ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ವಿಭಾಗಕ್ಕೆ ತರಬೇತಿಗೆ ಅಂತ ಒಂದಿಷ್ಟು ಹಣ ಬರುವ ಹಾಗಿದೆ. ಏನು ತರಬೇಕು ಅಂತ ಪಟ್ಟಿ ಕೊಡೋದು ನನ್ನ ಪಾಲಿಗೆ ಬಂದಿದೆ. ಎರಡು ದಾರಿ ಕಾಣುತ್ತಿವೆ. ಒಂದು, ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್. ಪರದೆಯಲ್ಲಿ ಶ್ವಾಸಕೋಶ ಕಾಣುತ್ತೆ, ಕೈಯಲ್ಲಿ ಉಪಕರಣದ ಹಿಡಿಕೆ ಇರುತ್ತೆ, ಮುಗಿದ ಮೇಲೆ ಯಂತ್ರವೇ ಅಂಕ ಕೊಡುತ್ತೆ. ಇನ್ನೊಂದು, ವೆಟ್ ಲ್ಯಾಬ್. ಎದೆಗೂಡಿನ ಅಳತೆಯ ಡಬ್ಬ, ಒಂದು ಕ್ಯಾಮೆರಾ, ಒಳಗೆ ಕಸಾಯಿಖಾನೆಯಿಂದ ತಂದ ಹಂದಿ ಅಥವಾ ಮೇಕೆಯ ಹೃದಯ ಮತ್ತು ಶ್ವಾಸಕೋಶ.

ಡಾಕ್ಟರ್ ಅಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಲ ಶ್ವಾಸಕೋಶದಲ್ಲಿ ಮೂರು ಲೋಬ್, ಎಡದಲ್ಲಿ ಎರಡು. ಕ್ಯಾನ್ಸರ್ ಗಡ್ಡೆ ಇರುವ ಲೋಬನ್ನು ಪೂರ್ತಿ ತೆಗೆಯೋದು ಲೋಬೆಕ್ಟಮಿ. ಈಗ ಹೆಚ್ಚಾಗಿ ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುತ್ತಾರೆ. ಅದಕ್ಕೆ ವ್ಯಾಟ್ಸ್ ಅನ್ನುತ್ತೇವೆ. ಆ ಲೋಬ್‌ಗೆ ಹೋಗುವ ಧಮನಿಯ ಕವಲುಗಳು, ಬರುವ ವೇನ್, ಗಾಳಿಯ ಕೊಳವೆ ಅಂದರೆ ಬ್ರಾಂಕಸ್, ಇವನ್ನೆಲ್ಲ ಒಂದೊಂದಾಗಿ ಬಿಡಿಸಿ ಸ್ಟೇಪ್ಲರ್‌ನಿಂದ ಕತ್ತರಿಸಬೇಕು. ಪಕ್ಕದ ಲಿಂಫ್ ಗಂಟುಗಳನ್ನೂ ತೆಗೆಯಬೇಕು.

ಯಾವುದಕ್ಕೆ ಹಣ ಹಾಕೋದು ಒಳ್ಳೆಯದು? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಪುಣೆ ಅರಿವಳಿಕೆ

ಒಳ್ಳೆಯ ಪ್ರಶ್ನೆ. ವಿಆರ್ ಅನ್ನು ಸುಮ್ನೆ ತಳ್ಳಿಹಾಕಬೇಡಿ. 2002ರಲ್ಲಿ ಯೇಲ್‌ನಲ್ಲಿ ಸರ್ಜರಿ ಕಲಿಯುತ್ತಿದ್ದ 16 ಜನ ರೆಸಿಡೆಂಟ್‌ಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಒಂದು ಗುಂಪು ಮೊದಲು ವಿಆರ್‌ನಲ್ಲಿ ಅಭ್ಯಾಸ ಮಾಡಿತ್ತು. ಆಮೇಲೆ ನಿಜವಾದ ಪಿತ್ತಕೋಶದ ಆಪರೇಷನ್‌ನಲ್ಲಿ ಆ ಗುಂಪು ಶೇ. 29ರಷ್ಟು ಬೇಗ ಕೆಲಸ ಮುಗಿಸಿತು. ತಪ್ಪುಗಳೂ ತುಂಬಾ ಕಡಿಮೆ ಇದ್ದವು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಯಂತ್ರದ ಮೇಲೆ ಕಲಿತದ್ದು ಥಿಯೇಟರ್‌ವರೆಗೂ ಬರುತ್ತೆ ಅನ್ನೋದಕ್ಕೆ ಅದು ಮೊದಲ ಗಟ್ಟಿ ಸಾಕ್ಷಿಗಳಲ್ಲಿ ಒಂದು.

ಶ್ವಾಸಕೋಶಕ್ಕೆ ಬಂದರೆ, ಕೋಪನ್‌ಹೇಗನ್‌ನ ತಂಡ ವ್ಯಾಟ್ಸ್ ಲೋಬೆಕ್ಟಮಿಗೇ ವಿಆರ್ ಅಭ್ಯಾಸ ತಯಾರಿಸಿದೆ. ಅವರ ಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು ಯಂತ್ರ ಅಲ್ಲ. ಎಷ್ಟು ಬಂದರೆ ಪಾಸು ಅಂತ ಗೆರೆ ಎಳೆಯೋಕೆ ಅವರು ಪಟ್ಟ ಶ್ರಮ. ನಮ್ಮಲ್ಲಿ ಎರಡು ವರ್ಷ ಆಯಿತು, ಇನ್ನು ಇವನು ಮಾಡಲಿ ಅಂತ ಬಿಡುತ್ತಾರೆ. ವರ್ಷ ನೋಡಿ ಬಿಡೋದು ಬೇರೆ, ಕೈ ನೋಡಿ ಬಿಡೋದು ಬೇರೆ.

ಮುಲುಂಡ್ ಹಿರಿಯ ಸರ್ಜನ್

ತಮ್ಮಾ, ನಾನು ರಿಟೈರ್ ಆಗಿದ್ದೇನೆ. ಆದರೂ ಈ ವಿಷಯ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಮೊದಲು ಒಂದು ಹಳೆಯ ಸಂಗತಿ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಕ್ಯಾನ್ಸರ್‌ಗಾಗಿ ಒಂದು ಇಡೀ ಶ್ವಾಸಕೋಶ ತೆಗೆದರು. ರೋಗಿ ಒಬ್ಬ ಡಾಕ್ಟರ್. ಅವತ್ತು ಶ್ವಾಸಕೋಶದ ಬೇರನ್ನೇ, ಅಂದರೆ ರಕ್ತನಾಳಗಳೂ ಬ್ರಾಂಕಸ್ಸೂ ಒಳಗೆ ಹೋಗುವ ಜಾಗವನ್ನೇ, ಒಟ್ಟಾಗಿ ಬಿಗಿದು ಕಟ್ಟಿದ್ದರು, ಒಂದೊಂದು ರಕ್ತನಾಳವನ್ನು ಬೇರೆ ಬೇರೆ ಮಾಡಲಿಲ್ಲ. ಆ ರೋಗಿ ಬಹಳ ವರ್ಷ ಬದುಕಿದರು. ಗ್ರಹಾಂ ಅವರೇ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈಗ ಕೆಲಸ ಎಷ್ಟು ಸೂಕ್ಷ್ಮ ಆಗಿದೆ ನೋಡು. 2022ರಲ್ಲಿ ಜಪಾನಿನವರ ದೊಡ್ಡ ಟ್ರಯಲ್ ಪ್ರಕಟ ಆಯಿತು. 1,106 ರೋಗಿಗಳು, ಗಡ್ಡೆ 2 ಸೆಂ.ಮೀ. ಒಳಗೆ. ಇಡೀ ಲೋಬ್ ತೆಗೆದವರಲ್ಲಿ ಐದು ವರ್ಷ ಬದುಕಿದವರು ಶೇ. 91.1, ಬರೀ ಸೆಗ್ಮೆಂಟ್, ಅಂದರೆ ಲೋಬ್‌ನ ಒಂದು ಭಾಗ ಮಾತ್ರ, ತೆಗೆದವರಲ್ಲಿ ಶೇ. 94.3. ಹೌದು, ಸೆಗ್ಮೆಂಟ್ ತೆಗೆದವರಲ್ಲಿ ಅದೇ ಜಾಗದ ಸುತ್ತ ರೋಗ ಮರಳಿದ್ದು ಜಾಸ್ತಿ. ಆದರೂ ಸಣ್ಣ ಗಡ್ಡೆಗೆ ಸೆಗ್ಮೆಂಟ್ ಸಾಕು ಅನ್ನೋ ಮಾತು ಗಟ್ಟಿಯಾಯಿತು. ಲೋಬ್‌ಗಿಂತ ಸೆಗ್ಮೆಂಟ್ ತೆಗೆಯೋದು ಕಷ್ಟ. ರಕ್ತನಾಳದ ಇನ್ನೂ ಒಳಗಿನ ಕವಲುಗಳವರೆಗೆ ಹೋಗಬೇಕು. ಕಲಿಯೋದು ಜಾಸ್ತಿ ಆಗಿದೆ, ಕಲಿಯೋ ಮೂರು ವರ್ಷ ಹಾಗೇ ಇದೆ. ಹಾಗಾಗಿ ಥಿಯೇಟರ್‌ನ ಹೊರಗೆ ಕಲಿಸಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಯಂತ್ರ ಕಲಿಸೋದು ಹಂತಗಳನ್ನು. ವೇನ್ ಮೊದಲು, ಆಮೇಲೆ ಧಮನಿ, ಆಮೇಲೆ ಬ್ರಾಂಕಸ್. ಪುಸ್ತಕದಲ್ಲೂ ಅದು ಸಿಗುತ್ತೆ. ಕಲಿಯಬೇಕಾದ್ದು ಬೆರಳಿನ ತುದಿಗೆ ಬರುವ ಎಚ್ಚರಿಕೆ. ಶ್ವಾಸಕೋಶದ ಧಮನಿಯ ಗೋಡೆ ನೀರಲ್ಲಿ ನೆಂದ ಹಪ್ಪಳದ ಹಾಗೆ. ಎಳೆದರೆ ಹರಿಯುತ್ತೆ. ಅದನ್ನು ನಿಜವಾದ ಅಂಗಾಂಶದ ಮೇಲೆಯೇ ಕಲಿಯಬೇಕು. ನನ್ನ ವೋಟು ವೆಟ್ ಲ್ಯಾಬಿಗೆ.

ಡೊಂಬಿವಲಿ ಸುಮಾ

ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ.

ನಮ್ಮಪ್ಪ ವಿಜಯಪುರದವರು. ಕೆಮ್ಮು, ತೂಕ ಇಳಿಯೋದು. ಊರಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು, ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟರು. ಕಮ್ಮಿ ಆಗಲಿಲ್ಲ. ಮುಂಬೈಗೆ ಕರೆದುಕೊಂಡು ಬಂದ ಮೇಲೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಅದೃಷ್ಟಕ್ಕೆ ಆಪರೇಷನ್ ಮಾಡುವ ಹಂತದಲ್ಲೇ ಇತ್ತು. ಈಗ ಅಪ್ಪ ಚೆನ್ನಾಗಿದ್ದಾರೆ.

ನನ್ನ ಪ್ರಶ್ನೆ ಬೇರೆ. ಆಪರೇಷನ್ ದಿನ ಹಸಿರು ಬಟ್ಟೆಯಲ್ಲಿ ಎಷ್ಟೋ ಜನ ಓಡಾಡುತ್ತಿದ್ದರು. ಸಹಿ ಹಾಕಿಸಿಕೊಂಡವರು ಒಬ್ಬರು, ಮಾತಾಡಿದವರು ಇನ್ನೊಬ್ಬರು. ಅಪ್ಪನ ಎದೆಯೊಳಗೆ ಕೈ ಹಾಕಿದವರು ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಕಲಿಯುವವರು ಮಾಡಬಾರದು ಅನ್ನೋದಿಲ್ಲ, ಎಲ್ಲರೂ ಎಲ್ಲೋ ಒಂದು ಕಡೆ ಕಲಿಯಲೇಬೇಕು. ಆದರೆ ಅವರು ಅದಕ್ಕೆ ಮೊದಲು ಏನು ಮಾಡಿದ್ದರು? ಡಬ್ಬದಲ್ಲಿ ಮಾಡಿದ್ದರಾ, ಪ್ರಾಣಿಯ ಶ್ವಾಸಕೋಶದಲ್ಲಿ ಮಾಡಿದ್ದರಾ, ಇಲ್ಲ ಅಪ್ಪನೇ ಮೊದಲಾ? ನಮ್ಮಂಥವರು ಇದನ್ನು ಕೇಳಬಹುದಾ?

ಪರೇಲ್ ರೆಸಿಡೆಂಟ್

ಸುಮಾ ಅಕ್ಕ, ಖಂಡಿತ ಕೇಳಬಹುದು. ಕೇಳೋದು ನಿಮ್ಮ ಹಕ್ಕು. ದೊಡ್ಡ ಸರ್ಜರಿಯಲ್ಲಿ ರೆಸಿಡೆಂಟ್ ಕೆಲವು ಹಂತ ಮಾಡುತ್ತಾರೆ, ಎದುರಿಗೆ ಹಿರಿಯರು ನಿಂತಿರುತ್ತಾರೆ. ಅಪಾಯದ ಹಂತ ಬಂದರೆ ಜಾಗ ಬದಲಾಗುತ್ತೆ. ನಡೆಯೋದು ಹೀಗೆ. ಆದರೆ ರೆಸಿಡೆಂಟ್ ಮೊದಲು ಎಷ್ಟು ಅಭ್ಯಾಸ ಮಾಡಿ ಬಂದಿದ್ದಾರೆ ಅನ್ನೋದು ನಮ್ಮಲ್ಲಿ ಜಾಗದಿಂದ ಜಾಗಕ್ಕೆ ತುಂಬಾ ಬೇರೆ. ಎಂಬಿಬಿಎಸ್‌ಗೆ 2019ರ ಹೊಸ ಪಠ್ಯಕ್ರಮದಿಂದ ಸ್ಕಿಲ್ ಲ್ಯಾಬ್ ಕಡ್ಡಾಯ. ಆದರೆ ಅಲ್ಲಿ ಕಲಿಸೋದು ಹೊಲಿಗೆ ಹಾಕೋದು, ಸೂಜಿ ಚುಚ್ಚೋದು, ಸಿಪಿಆರ್. ಶ್ವಾಸಕೋಶದ ಬೇರು ಬಿಡಿಸೋದನ್ನು ಅಲ್ಲಿ ಯಾರೂ ಕಲಿಸೋದಿಲ್ಲ.

ನಿಮ್ಮ ಅಪ್ಪನ ಟಿಬಿ ಮಾತು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತೆ. ಸರ್, ನೀವು ಅದರ ಬಗ್ಗೆ ಬರೆಯುತ್ತೀರಾ?

ಮುಲುಂಡ್ ಹಿರಿಯ ಸರ್ಜನ್

ಬರೆಯುತ್ತೇನೆ. ಇದು ನಾನು ಎಷ್ಟೋ ವರ್ಷದಿಂದ ಹೇಳಬೇಕು ಅಂದುಕೊಂಡಿರುವ ಮಾತು.

ನಮ್ಮ ದೇಶದ ಶ್ವಾಸಕೋಶ ಪಠ್ಯಪುಸ್ತಕದ ಶ್ವಾಸಕೋಶ ಅಲ್ಲ. ಎಷ್ಟೋ ಜನರಿಗೆ ಯಾವತ್ತೋ ಟಿಬಿ ಬಂದು ಹೋಗಿರುತ್ತೆ. ಕೆಲವರಿಗೆ ಗೊತ್ತೇ ಇರೋದಿಲ್ಲ. ಲಿಂಫ್ ಗಂಟುಗಳು ಸುಣ್ಣಗಟ್ಟಿ ಗಟ್ಟಿಯಾಗಿರುತ್ತವೆ, ಧಮನಿಗೆ, ಬ್ರಾಂಕಸ್‌ಗೆ ಅಂಟಿಕೊಂಡು ಕೂತಿರುತ್ತವೆ. ಎರಡರ ನಡುವೆ ಬಿಡಿಸೋಕೆ ಪದರವೇ ಇರೋದಿಲ್ಲ. ಶ್ವಾಸಕೋಶ ಎದೆಗೋಡೆಗೂ ಅಂಟಿರುತ್ತೆ. ಕ್ಯಾಮೆರಾ ಇಳಿಸಿದರೆ ಮೊದಲು ಕಾಣೋದು ಬರೀ ಅಂಟು.

ಈಗ ಯೋಚಿಸು. ಆರೋಗ್ಯವಂತ ಹಂದಿಯ ಶ್ವಾಸಕೋಶದ ಮೇಲೆ ಕಲಿತ ಹುಡುಗ ಚೆನ್ನಾಗಿ ಬಿಡಿಸುತ್ತಾನೆ, ಬೇಗ ಬಿಡಿಸುತ್ತಾನೆ. ಎಲ್ಲ ಪದರಗಳೂ ತಾವಾಗಿಯೇ ತೆರೆದುಕೊಳ್ಳುತ್ತವೆ. ಅದೇ ವೇಗದಲ್ಲಿ ಯಾವತ್ತೋ ಟಿಬಿ ಬಂದು ಹೋದ ರೋಗಿಯ ಒಳಗೆ ಹೋದರೆ? ಧಮನಿ ಹರಿಯೋದು ಆಗಲೇ. ಹೊರದೇಶದ ಮಾದರಿಗಳು ಅಲ್ಲಿಯ ರೋಗಿಗಳಿಗೆ ತಕ್ಕ ಹಾಗಿವೆ, ಅವರ ತಪ್ಪೇನೂ ಇಲ್ಲ. ನಮಗೆ ಬೇಕಾದ್ದು ಅಂಟಿದ ಗಂಟು ಇರುವ ಮಾದರಿ. ವಿಆರ್ ತರುತ್ತೀಯೋ ವೆಟ್ ಲ್ಯಾಬ್ ಕಟ್ಟುತ್ತೀಯೋ, ಈ ಒಂದು ಪ್ರಶ್ನೆ ಕೇಳಿ ತಗೋ: ಇದರಲ್ಲಿ ಕೆಟ್ಟ ಶ್ವಾಸಕೋಶ ಇದೆಯಾ?

ಪಿಂಪ್ರಿ ಮೌಲ್ಡಿಂಗ್

ನಮಸ್ಕಾರ ಸರ್. ನಾನು ಪುಣೆಯಲ್ಲಿ ಪ್ಲಾಸ್ಟಿಕ್, ಸಿಲಿಕೋನ್ ಭಾಗಗಳ ಅಚ್ಚು ಮಾಡುವ ಕೆಲಸದಲ್ಲಿದ್ದೇನೆ. ಊರು ಬೆಳಗಾವಿ. ಒಬ್ಬ ಡಾಕ್ಟರ್ ಗೆಳೆಯನಿಗೆ ಶ್ವಾಸಕೋಶದ ಬೇರಿನ ಮಾದರಿ ಮಾಡಿಕೊಟ್ಟಿದ್ದೇನೆ. ಅದರ ಬಗ್ಗೆ ಹೇಳುತ್ತೇನೆ.

ಸಿಟಿ ಸ್ಕ್ಯಾನ್ ಬೇಕು, ಡೈ ಹಾಕಿದ್ದು, 1 ಮಿ.ಮೀ. ಆಸುಪಾಸಿನ ತೆಳು ಪದರಗಳದ್ದು. 5 ಮಿ.ಮೀ. ಪದರದ ಸ್ಕ್ಯಾನ್ ತಂದುಕೊಟ್ಟರೆ ಸಣ್ಣ ಕವಲುಗಳು ಕಾಣೋದೇ ಇಲ್ಲ. 3ಡಿ ಸ್ಲೈಸರ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ. ಅದರಲ್ಲಿ ಧಮನಿ, ವೇನ್, ಬ್ರಾಂಕಸ್ ಮೂರನ್ನೂ ಬೇರೆ ಬೇರೆ ಗುರುತು ಮಾಡಬೇಕು. ಧಮನಿ ಮತ್ತು ವೇನ್ ಒಂದಕ್ಕೊಂದು ತಾಗಿದ ಕಡೆ ಸಾಫ್ಟ್‌ವೇರ್ ಎರಡನ್ನೂ ಸೇರಿಸಿಬಿಡುತ್ತೆ. ಅಲ್ಲಿ ಡಾಕ್ಟರ್ ಪಕ್ಕದಲ್ಲಿ ಕೂತು ಇದು ಇದು, ಅದು ಅದು ಅಂತ ತೋರಿಸಲೇಬೇಕು. ಅಚ್ಚು ಮಾಡೋದಕ್ಕಿಂತ ಇದಕ್ಕೇ ಹೊತ್ತು ಹಿಡಿಯೋದು.

ಆಮೇಲೆ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದರೆ ನೋಡೋಕೆ, ಪ್ಲಾನ್ ಮಾಡೋಕೆ ಚೆನ್ನಾಗಿರುತ್ತೆ. ಕೈಯಲ್ಲಿ ತಿರುಗಿಸಿ ನೋಡಬಹುದು. ಕತ್ತರಿಸಿ ಅಭ್ಯಾಸ ಮಾಡೋಕೆ ಬರೋದಿಲ್ಲ. ಅದಕ್ಕೆ ಒಳಗೆ ಕರಗುವ ತಿರುಳು ಪ್ರಿಂಟ್ ಮಾಡಿ, ಮೇಲೆ ಮೆತ್ತನೆ ಸಿಲಿಕೋನ್ ಬಳಿದು, ತಿರುಳನ್ನು ಕರಗಿಸಿ ತೆಗೆಯಬೇಕು. ಆಗ ಟೊಳ್ಳು ಕೊಳವೆ ಸಿಗುತ್ತೆ, ಒಳಗೆ ಕೆಂಪು ನೀರು ಹರಿಸಬಹುದು. ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಬರಿಸೋದೇ ಕಷ್ಟ.

ಸರ್ ಹೇಳಿದ ಅಂಟಿದ ಗಂಟನ್ನು ಮಾಡಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಣ್ಣ ಉಂಡೆ, ಧಮನಿ ಮತ್ತು ಬ್ರಾಂಕಸ್ ನಡುವೆ ಇಟ್ಟು, ಸಿಲಿಕೋನ್ ಇನ್ನೂ ಹಸಿ ಇರುವಾಗಲೇ ಒಂದಾಗಿ ಹಿಡಿಸಿಬಿಟ್ಟರೆ ಎಳೆದಾಗ ಗೋಡೆಯೇ ಕಿತ್ತು ಬರುತ್ತೆ. ಇದು ಸರಿಯಾ ಸರ್?

ಮುಲುಂಡ್ ಹಿರಿಯ ಸರ್ಜನ್

ಬಹಳ ಸರಿ. ಕಿತ್ತು ಬರಬೇಕು, ಅದೇ ಬೇಕಾದ್ದು. ಎಳೆದರೆ ಬಿಡಿಸಿಕೊಳ್ಳುವ ಗಂಟು ಮಾಡಿದರೆ ಹುಡುಗರು ಎಳೆಯೋದನ್ನೇ ಕಲಿಯುತ್ತಾರೆ.

ಅಲ್ಲಿ ಕಲಿಯಬೇಕಾದ್ದು ಗಂಟು ಬಿಡಿಸೋ ಜಾಣತನ ಅಲ್ಲಪ್ಪಾ. ಮುಟ್ಟೋ ಮೊದಲು ನಿಂತು ಯೋಚಿಸೋದು. ಮುಖ್ಯ ಧಮನಿಗೆ ಮೇಲ್ಗಡೆ ಟೇಪ್ ಸುತ್ತಿ ಇಟ್ಟುಕೊಂಡಿದ್ದೀಯಾ? ಹರಿದರೆ ಬಿಗಿಯೋಕೆ ಏನಾದರೂ ಇದೆಯಾ? ಇಲ್ಲ ಅಂದರೆ ಇಲ್ಲೇ ನಿಲ್ಲಿಸಿ ಎದೆ ತೆರೆಯಬೇಕಾ? ಎದೆ ತೆರೆಯೋದನ್ನು ಸೋಲು ಅಂತ ತಿಳಿಯೋ ಹುಡುಗರಿದ್ದಾರೆ. ಸಿಮ್ಯುಲೇಟರ್‌ನಲ್ಲಿ ಸರಿಯಾದ ಹೊತ್ತಿಗೆ ತೆರೆದವನಿಗೆ ಪೂರ್ತಿ ಅಂಕ ಸಿಗಬೇಕು. ಯಾವ ಯಂತ್ರವಾದರೂ ಬೇಗ ಮುಗಿಸಿದವನಿಗೆ ಮಾತ್ರ ಹೆಚ್ಚು ಅಂಕ ಕೊಟ್ಟರೆ ಆ ಅಂಕವನ್ನು ಬಿಟ್ಟುಬಿಡು, ನಿಮ್ಮದೇ ಹಾಳೆ ಮಾಡಿಕೊಳ್ಳಿ.

ಸಾಯನ್ ಓದುಗ

ಒಂದು ಸಂದೇಹ. ಪ್ರಾಣಿ ಯಾಕೆ? ದೇಹದಾನ ಮಾಡಿದವರ ಶವ ಇರುತ್ತಲ್ಲ, ಅದರಲ್ಲಿ ಕಲಿಯಬಾರದಾ? ನಾನು ಫಾರ್ಮ್ ತುಂಬಿಕೊಟ್ಟಿದ್ದೇನೆ, ಅದಕ್ಕೇ ಕೇಳಿದೆ.

ಪುಣೆ ಅರಿವಳಿಕೆ

ಫಾರ್ಮ್ ತುಂಬಿದ್ದಕ್ಕೆ ಕೈ ಮುಗಿಯುತ್ತೇನೆ. ಮಹಾರಾಷ್ಟ್ರದಲ್ಲಿ 1949ರ ಅನಾಟಮಿ ಕಾಯ್ದೆ ಇದೆ, ದಾನ ಬಂದ ದೇಹ ಕಾಲೇಜುಗಳಿಗೆ ಹೋಗುತ್ತೆ. ಆದರೆ ಫಾರ್ಮಲಿನ್‌ನಲ್ಲಿ ಇಟ್ಟ ದೇಹದ ಶ್ವಾಸಕೋಶ ಬಿರುಸಾಗಿರುತ್ತೆ, ಗಾಳಿ ತುಂಬಿದರೆ ಉಬ್ಬೋದಿಲ್ಲ. ರಚನೆ ಕಲಿಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ, ಕೈ ಪಳಗಿಸೋಕೆ ಅಷ್ಟು ಒದಗೋದಿಲ್ಲ. ಥೀಲ್ ಅನ್ನೋ ವಿಧಾನದಲ್ಲಿ ಇಟ್ಟ ದೇಹ ಮೆತ್ತಗೆ ಉಳಿಯುತ್ತೆ. ಅದಕ್ಕೆ ಬೇರೆಯೇ ರಾಸಾಯನಿಕಗಳು, ತೊಟ್ಟಿಗಳು ಬೇಕು, ಖರ್ಚು ಜಾಸ್ತಿ. ಮತ್ತೆ ಒಂದು ದೇಹದಲ್ಲಿ ಎಡ ಮೇಲಿನ ಲೋಬ್ ಒಂದೇ ಸಲ ತೆಗೆಯೋಕೆ ಆಗೋದು. ಕಲಿಯೋನಿಗೆ ಅದೇ ಹಂತ ಮತ್ತೆ ಮತ್ತೆ ಬೇಕು.

ಜೀವಂತ ಹಂದಿಗೆ ಅರಿವಳಿಕೆ ಕೊಟ್ಟು ಕಲಿಸುವ ದೇಶಗಳಿವೆ. ಇಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಸಮಿತಿಯ ಒಪ್ಪಿಗೆ ಬೇಕು. ನನ್ನ ಮನಸ್ಸಿಗೂ ಅದು ಒಪ್ಪೋದಿಲ್ಲ. ಮಾಂಸಕ್ಕಾಗಿ ಕಡಿದ ಪ್ರಾಣಿಯ ಶ್ವಾಸಕೋಶ ಹೇಗೂ ಇರುತ್ತೆ, ಅದನ್ನು ಬಳಸೋದು ಬೇರೆ ಮಾತು. ಅದನ್ನೂ ಮುಟ್ಟೋಕೆ ಆಗದ ವಿದ್ಯಾರ್ಥಿಗಳಿರುತ್ತಾರೆ. ಅವರಿಗೆ ಸಿಲಿಕೋನ್ ಇರಲಿ, ಒತ್ತಾಯ ಮಾಡಬೇಡಿ.

ಪರೇಲ್ ರೆಸಿಡೆಂಟ್

ನಾವು ಹಣ ಬರುವ ಮೊದಲೇ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟುಕೊಂಡು ಶುರು ಮಾಡಿದ್ದೇವೆ. ಇಲ್ಲಿಯವರೆಗೆ ಗೊತ್ತಾದದ್ದನ್ನು ಬರೆಯುತ್ತೇನೆ, ಬೇರೆ ಊರಲ್ಲಿ ಮಾಡೋರಿಗೆ ಉಪಯೋಗಕ್ಕೆ ಬರಬಹುದು.

ಮಾಂಸದ ಅಂಗಡಿಯವರಿಗೆ ಬರೀ ಫೇಫಡಾ (ಶ್ವಾಸಕೋಶ) ಬೇಕು ಅಂದರೆ ತುಂಡು ಮಾಡಿ ಚೀಲಕ್ಕೆ ಹಾಕುತ್ತಾರೆ. ಗಂಟಲಿನ ಕೊಳವೆ, ಹೃದಯ, ಎರಡೂ ಶ್ವಾಸಕೋಶ ಒಂದೇ ಗೊಂಚಲಾಗಿ ಬೇಕು, ಚಾಕು ತಾಗಿಸಬೇಡಿ ಅಂತ ಹೇಳಬೇಕು. ಹೃದಯದ ಸುತ್ತಲಿನ ಪೊರೆಯೂ ಉಳಿದರೆ ಇನ್ನೂ ಒಳ್ಳೆಯದು. ದೇವನಾರ್ ಕಸಾಯಿಖಾನೆ ಕಡೆ ಪರಿಚಯದವರೊಬ್ಬರು ಇದನ್ನು ಅರ್ಥ ಮಾಡಿಕೊಂಡು ಎತ್ತಿಡುತ್ತಾರೆ. ಮೇಕೆಯದು ಸುಲಭವಾಗಿ ಸಿಗುತ್ತೆ. ಆದರೆ ಕೊರಳು ಕೊಯ್ಯುವಾಗ ರಕ್ತ ಗಾಳಿಕೊಳವೆಗೆ ಇಳಿದಿರುತ್ತೆ. ಮೊದಲು ತೊಳೆದು ತೆಗೆಯದಿದ್ದರೆ ಊದಿದಾಗ ಅಲ್ಲಲ್ಲಿ ಉಬ್ಬೋದೇ ಇಲ್ಲ.

ಬಲ ಭಾಗ ಬೇಡ. ಹಂದಿಯಲ್ಲೂ ಮೇಕೆಯಲ್ಲೂ ಬಲ ಮೇಲಿನ ಲೋಬ್‌ನ ಬ್ರಾಂಕಸ್ ನೇರವಾಗಿ ದೊಡ್ಡ ಶ್ವಾಸನಾಳದಿಂದಲೇ ಹೊರಡುತ್ತೆ, ಮನುಷ್ಯರಲ್ಲಿ ಹಾಗಲ್ಲ. ಮಧ್ಯದಲ್ಲಿ ಒಂದು ಹೆಚ್ಚುವರಿ ಲೋಬ್ ಕೂಡ ಇದೆ. ಎಡಭಾಗ ನಮ್ಮದಕ್ಕೆ ಹತ್ತಿರ. 2010ರಲ್ಲಿ ಅಮೆರಿಕದ ತಂಡವೊಂದು ಹಂದಿಯ ಹೃದಯ-ಶ್ವಾಸಕೋಶ ಡಬ್ಬದಲ್ಲಿಟ್ಟು ವ್ಯಾಟ್ಸ್ ಕಲಿಸುವ ಮಾದರಿ ಪ್ರಕಟಿಸಿದಾಗಲೂ ಎಡ ಮೇಲಿನ ಲೋಬನ್ನೇ ಆರಿಸಿತ್ತು. ಮನುಷ್ಯರಲ್ಲಿ ಆ ಲೋಬ್‌ನ ಧಮನಿ ಕವಲುಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದಕ್ಕೇ ಅಲ್ಲಿ ಭಯವೂ ಜಾಸ್ತಿ.

ಇನ್ನು ರಕ್ತ. ಧಮನಿಗೆ ಒಂದು ಟ್ಯೂಬ್ ಕಟ್ಟಿ, ಕೆಂಪು ಬಣ್ಣದ ನೀರಿನ ಚೀಲ ತೂಗುಹಾಕುತ್ತೇವೆ. ಇಲ್ಲೊಂದು ಮುಖ್ಯ ವಿಷಯ. ಡ್ರಿಪ್ ಸ್ಟ್ಯಾಂಡ್‌ಗೆ ಮೇಲೆ ನೇತುಹಾಕಿದರೆ, ಒಂದೂವರೆ ಮೀಟರ್ ಎತ್ತರದಿಂದ ಸುಮಾರು 110 ಮಿ.ಮೀ. ಪಾದರಸದ ಒತ್ತಡ ಬರುತ್ತೆ. ಅದು ಕೈಯಲ್ಲಿ ಬಿಪಿ ನೋಡುವಾಗ ಸಿಗುವ ಒತ್ತಡ. ಶ್ವಾಸಕೋಶದ ಧಮನಿಯಲ್ಲಿ ಹೃದಯ ಒತ್ತಿದಾಗ ಇರೋದು 25ರ ಸುತ್ತಮುತ್ತ, ಸರಾಸರಿ 15. ಅಂದರೆ ಚೀಲ ಶ್ವಾಸಕೋಶಕ್ಕಿಂತ 20ರಿಂದ 34 ಸೆಂ.ಮೀ. ಮೇಲೆ ಇದ್ದರೆ ಸಾಕು, ಒಂದು ಸ್ಕೇಲಿನಷ್ಟು. ಈ ಎತ್ತರದಲ್ಲಿಟ್ಟು ಧಮನಿಯಲ್ಲಿ ತೂತು ಮಾಡಿದರೆ ಡಬ್ಬ ಕೆಂಪಾಗುತ್ತೆ, ಕ್ಯಾಮೆರಾ ಮುಚ್ಚಿಹೋಗುತ್ತೆ, ಆದರೆ ಸ್ಪಂಜ್ ಒತ್ತಿ ಹಿಡಿದರೆ ನಿಲ್ಲುತ್ತೆ. ನಿಜವಾದ ರೋಗಿಯಲ್ಲೂ ಹೀಗೆಯೇ. ಚೀಲ ಮೇಲಿಟ್ಟು ಕಲಿತವನಿಗೆ ಒತ್ತಿ ಹಿಡಿಯೋದರ ಮೇಲೆ ನಂಬಿಕೆಯೇ ಬರೋದಿಲ್ಲ. ಅವನು ಗಾಬರಿಯಲ್ಲಿ ಕ್ಲಾಂಪ್ ಹಾಕೋಕೆ ಹೋಗಿ ತೂತನ್ನು ದೊಡ್ಡದು ಮಾಡುತ್ತಾನೆ.

ಸ್ಟೇಪ್ಲರ್ ಕಾರ್ಟ್ರಿಜ್ ದುಬಾರಿ. ಅವಧಿ ಮುಗಿದವನ್ನು ಕೇಳಿ ಪಡೆದು, ಬೇರೆ ಗುರುತು ಹಾಕಿ, ಥಿಯೇಟರ್ ಸಾಮಾನಿನ ಹತ್ತಿರಕ್ಕೂ ಬಿಡದೆ ಬೀಗ ಹಾಕಿ ಇಟ್ಟಿದ್ದೇವೆ. ಉಳಿದ ಕವಲುಗಳಿಗೆ ರೇಷ್ಮೆ ದಾರ.

ಬಾಂಬೋಳಿ ಸಿಸ್ಟರ್

ಗೋವಾದಿಂದ ಬರೆಯುತ್ತಿದ್ದೇನೆ. ಊರು ಕಾರವಾರ. ಥಿಯೇಟರ್‌ನಲ್ಲಿ ಸ್ಕ್ರಬ್ ನರ್ಸ್ ಆಗಿ ಎಷ್ಟೋ ಎದೆ ಆಪರೇಷನ್‌ಗೆ ನಿಂತಿದ್ದೇನೆ. ಎಲ್ಲರೂ ಸರ್ಜನ್ ಕೈ ಬಗ್ಗೆ ಮಾತಾಡುತ್ತಿದ್ದೀರಿ. ಆ ಕೈಗೆ ಸ್ಪಂಜ್ ಕೊಡೋರು ಯಾರು?

ರಕ್ತ ಬಂದಾಗ ಹೀಗಾಗುತ್ತೆ. ಪರದೆ ಕೆಂಪಾಗುತ್ತೆ. ಸರ್ಜನ್ ಸ್ಪಂಜ್ ಅನ್ನುತ್ತಾರೆ. ಸ್ಪಂಜ್ ಇರುತ್ತೆ, ಉದ್ದ ಹಿಡಿಕೆಯ ತುದಿಗೆ ಸಿಕ್ಕಿಸಿರೋದಿಲ್ಲ. ಸಿಕ್ಕಿಸುವಷ್ಟು ಹೊತ್ತು ಸರ್ಜನ್ ಸಕ್ಷನ್ ಹಿಡಿದು ನಿಂತಿರುತ್ತಾರೆ, ಸಕ್ಷನ್ ರಕ್ತವನ್ನು ಇನ್ನೂ ಎಳೆಯುತ್ತೆ. ಕ್ಯಾಮೆರಾ ಹಿಡಿದ ಹುಡುಗ ಲೆನ್ಸ್ ಒರೆಸೋಕೆ ಹೊರಗೆ ತೆಗೆಯುತ್ತಾನೆ, ಆಗ ಏನೂ ಕಾಣೋದಿಲ್ಲ. ಎದೆ ತೆರೆಯೋ ಸೆಟ್ ಪಕ್ಕದ ಕೋಣೆಯಲ್ಲಿ ಪ್ಯಾಕ್ ಆಗಿ ಕೂತಿರುತ್ತೆ. ರಕ್ತದ ಬಾಟಲಿ ಕಳಿಸಿ ಅಂತ ಯಾರು ಫೋನ್ ಮಾಡಬೇಕು ಅಂತ ಯಾರಿಗೂ ಗೊತ್ತಿರೋದಿಲ್ಲ.

ಇದರಲ್ಲಿ ಸರ್ಜನ್ ಕೈಚಳಕದ ವಿಷಯ ಒಂದಾದರೂ ಇದೆಯಾ ಹೇಳಿ. ಎಲ್ಲವೂ ಟೀಮಿನ ಕೆಲಸ. ಆದರೆ ತರಬೇತಿಗೆ ಅಂತ ಬಂದಾಗ ಡಾಕ್ಟರುಗಳನ್ನು ಮಾತ್ರ ಕರೆಯುತ್ತಾರೆ. ನಾನು ಈಗ ಪ್ರತಿ ಕೇಸಿಗೂ, ಧಮನಿ ಹತ್ತಿರ ಹೋಗುವ ಮೊದಲೇ ಒಂದು ಸ್ಪಂಜ್ ಸಿಕ್ಕಿಸಿ ಟ್ರಾಲಿಯ ಬಲಮೂಲೆಯಲ್ಲಿ ಇಟ್ಟಿರುತ್ತೇನೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಿಮ್ಮ ಡಬ್ಬದ ಪಕ್ಕದಲ್ಲಿ ಒಂದು ಟ್ರಾಲಿ ಇಡಿ, ನಮ್ಮನ್ನೂ ನಿಲ್ಲಿಸಿ.

ಪುಣೆ ಅರಿವಳಿಕೆ

ಸಿಸ್ಟರ್, ನಿಮ್ಮ ಪೋಸ್ಟನ್ನು ಪ್ರಿಂಟ್ ತೆಗೆದು ನಮ್ಮ ಥಿಯೇಟರ್‌ನಲ್ಲಿ ಅಂಟಿಸುತ್ತೇನೆ, ಅನುಮತಿ ಕೊಡಿ.

ನಮ್ಮ ಕಡೆಯದೂ ಸೇರಿಸುತ್ತೇನೆ. ಈ ಆಪರೇಷನ್‌ನಲ್ಲಿ ಒಂದೇ ಶ್ವಾಸಕೋಶಕ್ಕೆ ಗಾಳಿ ಕೊಡುತ್ತೇವೆ, ಇನ್ನೊಂದು ಕುಗ್ಗಿರಬೇಕು. ಅದಕ್ಕೆ ಎರಡು ದಾರಿಯ ಟ್ಯೂಬ್. ರೋಗಿಯನ್ನು ಮಗ್ಗುಲಿಗೆ ತಿರುಗಿಸಿದಾಗ ಟ್ಯೂಬ್ ಸ್ವಲ್ಪ ಜರುಗಿದರೂ ಕೆಲಸ ಕೆಡುತ್ತೆ, ಮತ್ತೆ ಬ್ರಾಂಕೋಸ್ಕೋಪ್, ಅಂದರೆ ಗಾಳಿಕೊಳವೆಯೊಳಗೆ ನೋಡುವ ಸಣ್ಣ ಕ್ಯಾಮೆರಾ, ಹಾಕಿ ನೋಡಬೇಕು. ಮತ್ತೆ ಬ್ರಾಂಕಸ್ ಕತ್ತರಿಸುವ ಮೊದಲು ಸರ್ಜನ್ ಸ್ಟೇಪ್ಲರ್ ಮುಚ್ಚಿ, ಹಾರಿಸದೆ (ಪಿನ್ ಹೊಡೆದು ಕತ್ತರಿಸದೆ) ನಿಲ್ಲಬೇಕು. ಮೇಡಂ, ಊದಿ ಅನ್ನಬೇಕು. ನಾನು ಊದುತ್ತೇನೆ. ಉಳಿಯಬೇಕಾದ ಲೋಬ್ ಉಬ್ಬಿದರೆ ಮಾತ್ರ ಹಾರಿಸಬೇಕು. ಉಬ್ಬದಿದ್ದರೆ ತಪ್ಪು ಕೊಳವೆ ಹಿಡಿದಿದ್ದೀರಿ ಅಂತ ಅರ್ಥ. ಮೇಕೆಯ ಶ್ವಾಸಕೋಶದಲ್ಲೂ ಇದನ್ನು ಮಾಡಬಹುದು, ಗಾಳಿಕೊಳವೆಗೆ ಒಂದು ಅಂಬು ಬ್ಯಾಗ್, ಅಂದರೆ ಕೈಯಲ್ಲಿ ಹಿಸುಕಿ ಗಾಳಿ ಊದುವ ಚೀಲ, ಕಟ್ಟಿದರೆ ಆಯಿತು. ಯಾರು ಈ ಮಾತು ಹೇಳದೆ ಸ್ಟೇಪ್ಲರ್ ಹಾರಿಸುತ್ತಾರೋ ಅವರನ್ನು ಅಲ್ಲೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಮಾಡಿಸಿ.

ಎದೆ ಸರ್ಜರಿಗೆ ಸೇರಿದ ಹೊಸಬರನ್ನು ಒಟ್ಟಿಗೆ ಸೇರಿಸಿ ಇಂಥದ್ದನ್ನೆಲ್ಲ ಕಲಿಸುವ ಶಿಬಿರ ಅಮೆರಿಕದಲ್ಲಿ 2008ರಿಂದ ನಡೆಯುತ್ತಿದೆ, ಶುರುವಾದದ್ದು ಚಾಪೆಲ್ ಹಿಲ್‌ನಲ್ಲಿ. ಮುಂಬೈ, ಪುಣೆ, ಗೋವಾ ಮೂರು ಕಡೆಯ ವಿಭಾಗಗಳು ಸೇರಿದರೆ ನಮ್ಮಲ್ಲೂ ವರ್ಷಕ್ಕೊಮ್ಮೆ ಮಾಡಬಹುದು. ರೈಲಿನಲ್ಲಿ ಒಂದು ರಾತ್ರಿಯ ದೂರ, ಅಷ್ಟೇ ಅಲ್ವಾ.

ಡೊಂಬಿವಲಿ ಸುಮಾ

ಇಷ್ಟೆಲ್ಲ ಓದಿ ಮನಸ್ಸಿಗೆ ಸಮಾಧಾನ ಆಯಿತು, ಜೊತೆಗೆ ಸಿಟ್ಟೂ ಬಂತು. ಒಂದು ಡಬ್ಬ, ಒಂದು ಮೇಕೆ ಶ್ವಾಸಕೋಶ, ಒಂದು ಕೆಂಪು ನೀರಿನ ಚೀಲ. ಇಷ್ಟಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು?

ಇನ್ನೊಂದು ಕೇಳುತ್ತೇನೆ. ಇದರಲ್ಲಿ ಪಾಸಾಗದ ಡಾಕ್ಟರ್ ಏನಾಗುತ್ತಾರೆ? ಮಾರನೆಯ ದಿನ ಅವರೂ ಥಿಯೇಟರ್‌ಗೆ ಹೋಗುತ್ತಾರಾ?

ಮುಲುಂಡ್ ಹಿರಿಯ ಸರ್ಜನ್

ತಾಯಿ, ನಿಮ್ಮ ಸಿಟ್ಟು ನ್ಯಾಯವಾದದ್ದು. ಸಾಮಾನು ಯಾವತ್ತೂ ಕಷ್ಟ ಇರಲಿಲ್ಲ. ಕಷ್ಟ ಇರೋದು ಹಿರಿಯರ ಹೊತ್ತಿನದು. ಓಪಿಡಿ, ವಾರ್ಡು, ಥಿಯೇಟರ್ ಮುಗಿಸಿ ಡಬ್ಬದ ಪಕ್ಕದಲ್ಲಿ ಸಂಜೆ ಕಳೆಯೋಕೆ ಯಾರೂ ಸಂಬಳ ಕೊಡೋದಿಲ್ಲ, ಯಾರೂ ಪ್ರಮೋಷನ್ ಕೊಡೋದಿಲ್ಲ. ಪಕ್ಕದಲ್ಲಿ ನಿಂತು ಕೈ ತಿದ್ದೋರು ಇಲ್ಲದ ಸಿಮ್ಯುಲೇಟರ್ ಕೆಟ್ಟ ಅಭ್ಯಾಸವನ್ನು ಗಟ್ಟಿ ಮಾಡುತ್ತೆ. ಲಕ್ಷಗಟ್ಟಲೆಯ ಯಂತ್ರಕ್ಕೆ ಹೊದಿಕೆ ಹಾಕಿ ಇಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಎಲ್ಲಿ ಅಂತ ಬೇಡ.

ಪಾಸಾಗದವರು ಥಿಯೇಟರ್‌ಗೆ ಬರಲಿ, ಕ್ಯಾಮೆರಾ ಹಿಡಿಯಲಿ. ಧಮನಿ ಮುಟ್ಟೋದು ಪಾಸಾದ ಮೇಲೆ. ನನಗೆ ಅಧಿಕಾರ ಇದ್ದಿದ್ದರೆ ಇದನ್ನು ಬರೆದು ಬಾಗಿಲಿಗೆ ಹಾಕುತ್ತಿದ್ದೆ. ನಾನಂತೂ ಈಗ ಬಿಡುವಾಗಿದ್ದೇನೆ. ರೆಸಿಡೆಂಟ್ ಅವರೇ, ಶನಿವಾರ ಮಧ್ಯಾಹ್ನ ಕರೆಯಿರಿ, ಲೋಕಲ್ ಹಿಡಿದು ಬರುತ್ತೇನೆ.

ಪರೇಲ್ ರೆಸಿಡೆಂಟ್

ಸರ್, ನೀವು ಬರುತ್ತೇನೆ ಅಂದಿದ್ದೇ ದೊಡ್ಡದು. ಶನಿವಾರ ಸ್ಟೇಷನ್‌ಗೆ ಯಾರನ್ನಾದರೂ ಕಳಿಸುತ್ತೇನೆ.

ಪಟ್ಟಿ ಬದಲಾಯಿಸಿದ್ದೇನೆ. ದೊಡ್ಡ ವಿಆರ್ ಯಂತ್ರ ಈ ವರ್ಷ ಕೇಳೋದಿಲ್ಲ. ಒಂದು ಒಳ್ಳೆಯ ಕ್ಯಾಮೆರಾ, ಎರಡು ಡಬ್ಬ, ಫ್ರೀಜರ್, ಸಕ್ಷನ್, ಸಿಸ್ಟರ್ ಹೇಳಿದ ಟ್ರಾಲಿ, ಪಿಂಪ್ರಿಯವರ ಅಂಟಿದ ಗಂಟಿನ ಸಿಲಿಕೋನ್ ಮಾದರಿ. ಹಿರಿಯರ ಸಂಜೆಗಳಿಗೆ ಗೌರವಧನ ಅಂತ ಒಂದು ಸಾಲು ಸೇರಿಸಿದ್ದೇನೆ, ಆಫೀಸಿನವರು ಹೊಡೆದುಹಾಕಬಹುದು, ಆದರೂ ಇರಲಿ.

ಸರ್ ಮಾಡಿಕೊಳ್ಳಿ ಅಂದ ಹಾಳೆಯ ಕರಡು ಇದು. ರಕ್ತ ಬಂದಾಗ ಸ್ಪಂಜ್ ಒತ್ತಿದರಾ? ಕ್ಯಾಮೆರಾ ಒಳಗೇ ಉಳಿಯಿತಾ? ಅರಿವಳಿಕೆಯವರಿಗೆ ಗಟ್ಟಿಯಾಗಿ ಹೇಳಿದರಾ? ಬ್ರಾಂಕಸ್ ಕತ್ತರಿಸುವ ಮೊದಲು ಊದಿಸಿದರಾ? ಗಂಟು ಕಂಡಾಗ ಟೇಪ್ ಹಾಕಿದರಾ ಅಥವಾ ಎದೆ ತೆರೆಯೋಣ ಅಂದರಾ? ಇವಿಷ್ಟರಲ್ಲಿ ಒಂದಕ್ಕೆ ಇಲ್ಲ ಅಂತ ಬಂದರೂ ಮತ್ತೆ ಮಾಡಬೇಕು. ಎಷ್ಟು ನಿಮಿಷ ಹಿಡಿಯಿತು ಅನ್ನೋದನ್ನು ಕೇಳೋದೇ ಇಲ್ಲ.

ಏನಾದರೂ ಬಿಟ್ಟಿದ್ದೇನಾ?

ಬಾಂಬೋಳಿ ಸಿಸ್ಟರ್

ಬಿಟ್ಟಿದ್ದೀರಿ. ಕೊನೆಯಲ್ಲಿ ಸ್ಪಂಜ್ ಲೆಕ್ಕ. ಡಬ್ಬದೊಳಗೆ ಎಷ್ಟು ಹೋಯಿತು, ಎಷ್ಟು ಹೊರಗೆ ಬಂತು. ರಕ್ತದ ಗಾಬರಿಯಲ್ಲಿ ಒತ್ತಿದ ಸ್ಪಂಜ್ ಒಳಗೇ ಉಳಿಯೋದು ಹೆಚ್ಚು. ಅದನ್ನೂ ಹಾಳೆಗೆ ಸೇರಿಸಿ, ಲೆಕ್ಕ ಗಟ್ಟಿಯಾಗಿ ಹೇಳೋದು ನರ್ಸ್, ಕೇಳಿಸಿಕೊಂಡೆ ಅನ್ನೋದು ಸರ್ಜನ್.

ಪರೇಲ್ ರೆಸಿಡೆಂಟ್

ಸೇರಿಸಿದೆ ಸಿಸ್ಟರ್. ಸುಮಾ ಅಕ್ಕ, ಈ ಹಾಳೆ ಕನ್ನಡದಲ್ಲೂ ಮರಾಠಿಯಲ್ಲೂ ಮಾಡುತ್ತಿದ್ದೇವೆ. ಒಂದು ಪ್ರತಿ ವಾರ್ಡಿನ ಹೊರಗೆ ಹಾಕೋಕೆ ಕೇಳಿದ್ದೇನೆ, ರೋಗಿಯ ಮನೆಯವರು ಓದಿ ನಮ್ಮನ್ನೇ ಕೇಳುವ ಹಾಗೆ. ಒಪ್ಪಿಗೆ ಸಿಕ್ಕರೆ ಇಲ್ಲೇ ತಿಳಿಸುತ್ತೇನೆ.